ಬೆದರುಬೊಂಬೆಯ ಕೋಟು

"ಅಕ್ಕಾ, ಗುರುಗಳ ಮಠಕ್ಕೆ ಇದೇ ದಾರಿಯೇನು?"

ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸು ನಿಂತಳು. "ಇದು ಕೆರೀಗೆ ಹೋಗತೈತಿ. ಇತ್ತ ಹೋಗು ಅಂದವರು ಯಾರವ್ವ?"

"ಮೂವರನ್ನು ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು."

"ಕೇಳಾಕ ಭಾಳ ಮಂದಿ ಸಿಕ್ಕರ ಹಿಂಗ ಆಗೋದು" ಎಂದು ನಕ್ಕು, ಆಕೆ ಎಮ್ಮೆ ಬಿಟ್ಟು ಬೇವಿನ ಮರದವರೆಗೂ ಬಂದು ದಾರಿ ತೋರಿಸಿದಳು.

ಶಾಂಭವಿ ಹತ್ತಾರು ದೇಶ ಸುತ್ತಿದವಳು. ಎರಡು ಮೈಲಿಯ ಹಾದಿಯಲ್ಲಿ ದಿಕ್ಕು ತಪ್ಪಿದ್ದಕ್ಕೆ ನಗು ಬಂತು. ನಗುವಷ್ಟು ಉಸಿರಿರಲಿಲ್ಲ.

ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬಹಳ ವರ್ಷಗಳ ಮೇಲೆ ಬಂದ ಹಳೆಯ ಶಿಷ್ಯೆ ಶಾಂಭವಿ ನಮಸ್ಕರಿಸಿ, ಸುತ್ತು ಬಳಸದೆ ಕೇಳಿದಳು.

"ಗುರುಗಳೇ, ಮೂರು ವರ್ಷದ ಹಿಂದೆ ನನ್ನ ಮೂಳೆಯ ಮಜ್ಜೆಗೆ ಕ್ಯಾನ್ಸರ್ ಬಂದಿತ್ತು. ಮೈಲೋಮಾ ಅನ್ನುತ್ತಾರೆ. ಚಿಕಿತ್ಸೆಯಿಂದ ಅಡಗಿತು. ಮರಳದಿರಲಿ ಎಂದು ಒಂದು ಮಾತ್ರೆ ಕೊಟ್ಟಿದ್ದರು. ಈಗ ಮರಳಿದೆ. ಆ ಮಾತ್ರೆ ಸೋತಿತು, ಬೇರೆ ಮೂರು ಔಷಧಿ ಕೂಡಿಸಿ ಕೊಡೋಣ ಎನ್ನುತ್ತಾರೆ ಒಬ್ಬ ಡಾಕ್ಟರು. ಅದೇ ಮಾತ್ರೆಗೆ ಇಂಜೆಕ್ಷನ್ ಜೊತೆ ಮಾಡೋಣ ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ನನ್ನ ರಕ್ತದ ಕಣಗಳನ್ನೇ ತೆಗೆದು, ರೋಗವನ್ನು ಬೇಟೆಯಾಡಲು ಕಲಿಸಿ, ತಿರುಗಿ ಮೈಗೆ ಬಿಡೋಣ ಎನ್ನುತ್ತಾರೆ. ಮೂವರೂ ಬಲ್ಲವರೇ. ತಪ್ಪಾಗಿ ಆರಿಸಿದರೆ ಇನ್ನೊಮ್ಮೆ ಆರಿಸಲು ನಾನಿರುತ್ತೇನೋ ಇಲ್ಲವೋ. ಯಾವುದನ್ನು ಹಿಡಿಯಲಿ?"

"ನಾನು ಡಾಕ್ಟರಲ್ಲ ತಾಯಿ. ಕತೆ ಬೇಕಾದರೆ ಹೇಳುತ್ತೇನೆ."

"ನಾಲ್ಕು ತಾಸು ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದೇನೆ. ಕತೆಯನ್ನಾದರೂ ಕೊಡಿ."

ಗುರುಗಳು ಹೇಳಿದರು.

ಒಬ್ಬ ರೈತನಿದ್ದ. ಅವನ ಜೋಳದ ಹೊಲಕ್ಕೆ ಗಿಳಿಗಳು ಬೀಳುತ್ತಿದ್ದವು. ಅವನು ತನ್ನ ಕರಿ ಕೋಟನ್ನು ಕೋಲಿಗೆ ತೊಡಿಸಿ, ಮೇಲೊಂದು ಮಡಕೆ ಕವುಚಿ, ಬೆದರುಬೊಂಬೆ ನಿಲ್ಲಿಸಿದ. ಎರಡು ಸುಗ್ಗಿ ಗಿಳಿ ಸುಳಿಯಲಿಲ್ಲ. ಮೂರನೆಯ ವರ್ಷ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಿಂಡೇ ಇಳಿಯಿತು. ಮನೆಮಂದಿಯ ವರ್ಷದ ರೊಟ್ಟಿ ಆ ಹೊಲದಲ್ಲಿತ್ತು.

ಅವನು ಮೂವರನ್ನು ಕೇಳಿದ. "ಗಿಳಿಗೆ ಬೊಂಬೆಯ ಭಯ ಹೋಗಿದೆ, ಕವಣೆ ಹಿಡಿ" ಎಂದ ಒಬ್ಬ. ಕವಣೆಯ ಕಲ್ಲಿಗೆ ತೆನೆಯೂ ಮುರಿಯುತ್ತದೆ. "ಬೊಂಬೆ ಇರಲಿ, ಜೊತೆಗೆ ತಮಟೆ ಬಾರಿಸು" ಎಂದ ಇನ್ನೊಬ್ಬ. ಮೂರನೆಯವನು, "ನಿನ್ನ ಮರದಲ್ಲಿರುವ ಗಿಡುಗನ ಮರಿ ಕೊಡು. ಪಳಗಿಸಿ ತಂದು ಬಿಡುತ್ತೇನೆ, ತಿಂಗಳು ಬೇಕು" ಎಂದ. ಆ ತಿಂಗಳು ಹೊಲ ಕಾಯುವವರು ಯಾರು? ರೈತನ ತಲೆ ಗಿಮ್ಮೆಂದಿತು. ಒಂದು ದಿನ ಕವಣೆ, ಒಂದು ದಿನ ತಮಟೆ ಹಿಡಿದು ಬದುವಿನ ಮೇಲೆ ಓಡಾಡಿದ. ಗಿಳಿಗಳು ತಿನ್ನುತ್ತಲೇ ಇದ್ದವು.

ಹುಲ್ಲು ಕೊಯ್ಯಲು ಬಂದ ಒಬ್ಬ ಮುದುಕಿ ಹೊಲದ ನಡುವೆ ನಿಂತಳು. "ಯಪ್ಪಾ, ಬರೀ ಕೋಲು ಐತಿ. ಕೋಟೆಲ್ಲಿ?"

"ಬೀಗರ ಮನ್ಯಾಗ ಮದುವಿ ಇತ್ತವ್ವ. ಹಾಕ್ಕೊಂಡು ಹೋಗಿದ್ದೆ. ಬಂದ ಮ್ಯಾಲ ಮನಿ ಗೂಟಕ್ಕ ಉಳೀತು."

"ಗಿಳಿ ಬಂದದ್ದು ಯಾವಾಗ?"

"ಅದರ ಮ್ಯಾಲ."

"ಆ ಮೂವರಿಗೆ ಇದನ್ನ ಹೇಳಿದೇನು?"

"ಬೆದರುಬೊಂಬಿ ಕೋಟು ಹಾಕ್ಕೊಂಡು ಮದುವಿ ಉಂಡು ಬಂದೆ ಅಂತ ಹೆಂಗ ಹೇಳಲವ್ವ? ಊರೆಲ್ಲ ನಗತೈತಿ."

ಗುರುಗಳು ಅಲ್ಲಿಗೆ ನಿಲ್ಲಿಸಿ ಮತ್ತೊಂದು ಕಾಯಿ ಸುಲಿದರು.

"ಆಮೇಲೆ?" ಎಂದಳು ಶಾಂಭವಿ. "ಬೆಳೆ ಉಳಿಯಿತೇ? ಮೂವರಲ್ಲಿ ಯಾರ ಮಾತು ಸರಿ?"

"ನೀನು ಯಾವ ಮದುವೆಗೆ ಹೋಗಿದ್ದೆ ತಾಯಿ?"

ಶಾಂಭವಿ ಚೀಲದಿಂದ ಫೋನ್ ತೆಗೆದಳು.

ಕಳೆದ ವರ್ಷ ಹಿಮಾಲಯದ ಕಡೆ ಹೊರಟಾಗ ಅವಳು ಮಾತ್ರೆಯ ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟಿದ್ದಳು. ಅದನ್ನು ನುಂಗಿದರೆ ಹತ್ತು ಹೆಜ್ಜೆಗೆ ಸುಸ್ತಾಗುತ್ತಿತ್ತು. ಹಿಂದಿರುಗಿದ ಮೇಲೂ ಮುಟ್ಟಲಿಲ್ಲ, ಒಟ್ಟು ಐದು ತಿಂಗಳು. ರೋಗ ಮರಳಿದ್ದು ಆ ಐದು ತಿಂಗಳಲ್ಲಿ. ಮಾತ್ರೆ ಸೋತಿತು ಎಂದ ಡಾಕ್ಟರಿಗೆ "ಒಂದು ದಿನವೂ ತಪ್ಪಿಸಿಲ್ಲ" ಎಂದಿದ್ದಳು. ಇಂಜೆಕ್ಷನ್ ಜೊತೆ ಮಾಡೋಣ ಎಂದವರಿಗೆ "ಅಲ್ಲೊಂದು ಇಲ್ಲೊಂದು ತಪ್ಪಿರಬಹುದು" ಎಂದಿದ್ದಳು. ಮೂರನೆಯವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಂಗಳಕ್ಕಿಳಿದು, ಆ ಮೂವರಲ್ಲಿ ಮೊದಲಿನಿಂದ ತನ್ನನ್ನು ನೋಡಿಕೊಂಡ ಡಾಕ್ಟರಿಗೆ ಫೋನ್ ಮಾಡಿದಳು.

"ಡಾಕ್ಟರೇ, ನಾನು ಶಾಂಭವಿ. ನಿಮಗೊಂದು ನಿಜ ಬಾಕಿ ಇತ್ತು" ಎಂದು ಶುರು ಮಾಡಿ, ಒಂದು ತಿಂಗಳನ್ನೂ ಬಿಡದೆ, ಎಲ್ಲವನ್ನೂ ಹೇಳಿ ತೀರಿಸಿದಳು.