ಮೊರೆಗಲ್ಲು ಮೂಗಬಂಡೆಯಾದದ್ದು

ಕಗ್ಗಲಪಾಳ್ಯದಿಂದ ಮೂಡಲಿಗೆ ಎರಡು ಮೈಲಿ ನಡೆದರೆ, ಕುರುಚಲು ಕಾಡಿನ ನಡುವೆ ಒಂದೇ ಕಲ್ಲಿನ ದೊಡ್ಡ ಬೆಟ್ಟ ಎದುರಾಗುತ್ತದೆ. ಅದರ ಬಡಗಣ ಮುಖ ಮೇಲಿನಿಂದ ಮುಂದಕ್ಕೆ ಬಾಗಿದೆ. ಆ ಬಾಗಿನ ಅಡಿಯಲ್ಲಿ ಅರ್ಧಚಂದ್ರದ ಆಕಾರದ ಕಪ್ಪು ಕಲೆಗಳು ಸಾಲಾಗಿವೆ. ಬಂಡೆ ಹತ್ತಲು ಪಟ್ಟಣದಿಂದ ಬರುವವರು ಅವನ್ನು ಆದಿಮಾನವರ ಚಿತ್ರಗಳೆಂದು ತಿಳಿದು ಫೋಟೋ ತೆಗೆದುಕೊಳ್ಳುತ್ತಾರೆ. ಅವು ಚಿತ್ರಗಳಲ್ಲ, ಹೆಜ್ಜೇನು ಕಟ್ಟಿದ್ದ ಜಾಗಗಳು. ಸರ್ಕಾರಿ ನಕ್ಷೆಯಲ್ಲಿ ಇದಕ್ಕೆ ಒಂದು ಸಂಖ್ಯೆಯಷ್ಟೇ ಇದೆ. ಊರವರು ಮೂಗಬಂಡೆ ಎನ್ನುತ್ತಾರೆ. ಅದಕ್ಕೂ ಮೊದಲು ಇದಕ್ಕೆ ಮೊರೆಗಲ್ಲು ಎಂಬ ಹೆಸರಿತ್ತು. ಮೂವತ್ತೊಂದು ವರ್ಷ ಈ ಸೀಮೆಯಲ್ಲಿ ಅಂಚೆ ಹಂಚಿದ ನಾನು ಈ ಸಂಗತಿಯನ್ನು ಬೇರೆಬೇರೆ ಜಗಲಿಗಳಲ್ಲಿ ಕೇಳಿದ್ದೇನೆ. ಹೇಳುವವರ ಮಾತು ಅಷ್ಟಿಷ್ಟು ಬದಲಾದರೂ ಕೊನೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಬಂಡೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹೆಜ್ಜೇನು ಹುಟ್ಟುಗಳಿದ್ದವಂತೆ. ಹುಚ್ಚೆಳ್ಳು ಹೂ ಬಿಟ್ಟಿತೆಂದರೆ ಅವುಗಳ ಮೊರೆತ ಊರಿನವರೆಗೂ ಕೇಳುತ್ತಿತ್ತು. ತೊಟ್ಟಿಲ ಕೂಸುಗಳು ಆ ಸದ್ದಿಗೇ ನಿದ್ದೆ ಹೋಗುತ್ತಿದ್ದವು ಎನ್ನುತ್ತಾರೆ. ಬಂಡೆಗೆ ಇಳಿದು ಜೇನು ಕೀಳುವ ಹಕ್ಕು ಕಾಡಿನ ಇರುಳಿಗ ಕುಲದ ಬೇಟಯ್ಯನೆಂಬವನ ಮನೆತನದ್ದು. ಅವನು ಬಳ್ಳಿಯ ಏಣಿಯಲ್ಲಿ ಇಳಿದರೆ, ಏಣಿಯನ್ನು ಮೇಲೆ ಕಾಯುತ್ತಿದ್ದವನು ಅವನ ಹೆಂಡತಿ ಕೆಂಪಿಯ ತಮ್ಮ ಮಾದ. ಅಕ್ಕನ ತಾಳಿ ನೆನೆದು ಭಾವಮೈದುನ ಏಣಿ ಬಿಡಲಾರ ಎಂಬ ನಂಬಿಕೆಯಿಂದ ಬಂದ ಕಟ್ಟಳೆಯದು. ಇನ್ನೂ ಎರಡು ಕಟ್ಟಳೆಗಳಿದ್ದವು. ಮೂರು ಹುಟ್ಟು ಕಂಡರೆ ಒಂದನ್ನಷ್ಟೇ ಮುಟ್ಟಬೇಕು, ಅದರಲ್ಲೂ ತುಪ್ಪದ ಭಾಗವನ್ನು ಮಾತ್ರ ಕೊಯ್ದು ಮರಿಯ ಭಾಗವನ್ನು ಹಾಗೆಯೇ ಬಿಡಬೇಕು.

ಆಗ ಈ ಸೀಮೆಯನ್ನು ಆಳುತ್ತಿದ್ದವನು ಗಂಗೆನಾಯಕ. ತನ್ನ ಕೋಟೆಯ ಭೈರವನ ಗುಡಿಗೆ ಏಳೂರಿಗೆ ಕೇಳುವಂಥ ಗಂಟೆ ಎರೆಯಿಸಬೇಕೆಂಬ ಆಸೆ ಅವನಿಗೆ ಹುಟ್ಟಿತು. ಗಂಟೆಯನ್ನು ಮೊದಲು ಮೇಣದಲ್ಲಿ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿದ ಮೇಲೆ ಆ ಪೊಳ್ಳಿಗೆ ಕಂಚು ಹೊಯ್ಯಬೇಕು. ಅಷ್ಟು ದೊಡ್ಡ ಗಂಟೆಗೆ ಬಂಡಿಗಟ್ಟಲೆ ಮೇಣ ಬೇಕೆಂದು ಕಂಚುಗಾರರು ಹೇಳಿದರು. ನಾಯಕ ಬೇಟಯ್ಯನನ್ನು ಕರೆಸಿದ.

“ಅಷ್ಟು ಮೇಣ ಬೇಕಾದ್ರೆ ಬಂಡೆ ಬರಿದಾಯ್ತದೆ, ಬುದ್ಧಿ,” ಎಂದ ಬೇಟಯ್ಯ.

“ನೀನು ಇಳಿಯದಿದ್ದರೆ ನನ್ನ ಆಳುಗಳು ಪಂಜು ಹಿಡಿದು ಇಳಿಯುತ್ತಾರೆ. ಯೋಚನೆ ಮಾಡು,” ಎಂದ ನಾಯಕ.

ಬೇಟಯ್ಯ ಮೂರು ದಿನ ಯೋಚಿಸಿದ. ಅವನಿಗೆ ಆಳುಗಳ ಪಂಜು ಕಣ್ಣಿಗೆ ಕಟ್ಟುತ್ತಿತ್ತು. ತಾನೇ ಇಳಿದರೆ ಅಷ್ಟೋ ಇಷ್ಟೋ ಉಳಿಸಬಹುದೆಂದು ಒಪ್ಪಿಕೊಂಡ. ಕೆಂಪಿ ಒಪ್ಪಲಿಲ್ಲ. “ಅವರು ಸುಟ್ಟರೆ ಪಾಪ ಅವರದು. ನೀನು ಕೊಯ್ದರೆ ನಾಳೆ ಜೇನಿನ ಮುಂದೆ ಯಾವ ಮುಖ ಇಟ್ಕೊಂಡು ಇಳೀತೀಯ?” ಎಂದಳು. ಅವನು ಏಣಿಗೆ ಬಳ್ಳಿ ಕಡಿಯಲು ಕಾಡಿಗೆ ಹೋದ.

ಮೊದಲ ವರ್ಷ ಮೂರರಲ್ಲಿ ಎರಡು ಹುಟ್ಟು ಕೊಯ್ದ. ಮೇಣ ಸಾಲಲಿಲ್ಲ. ಎರಡನೆಯ ವರ್ಷ ಮರಿಯ ಭಾಗವನ್ನೂ ಬಿಡಲಿಲ್ಲ. ಮರದ ಪೊಟರೆಗಳಲ್ಲಿದ್ದ ತುಡುವೆ ಜೇನಿನ ಹುಟ್ಟುಗಳನ್ನೂ ಊರವರೇ ಕಿತ್ತು ಕೋಟೆಗೆ ಹೊತ್ತರು. ಅಷ್ಟರಲ್ಲಿ ಎರೆದ ಗಂಟೆ ಸೀಳುಬಿಟ್ಟಿತು. ಇನ್ನೊಂದು ಎರೆಯಬೇಕೆಂದು ಅಪ್ಪಣೆಯಾಯಿತು. ಮೂರನೆಯ ವರ್ಷ ಬಂಡೆಯಲ್ಲಿದ್ದದ್ದು ಹದಿನೇಳೇ ಹುಟ್ಟು. ಹದಿನಾರನ್ನು ಕೊಯ್ದ ಮೇಲೆ, ಬಾಗಿನ ಮೂಲೆಯಲ್ಲಿ ಒಂದು ಉಳಿಯಿತು. ಅದರ ತುಂಬ ಮರಿಗಳಿದ್ದವು.

ಏಣಿ ಅಲುಗದೆ ನಿಂತದ್ದನ್ನು ನೋಡಿ ಮಾದ ಮೇಲಿನಿಂದ ಕೂಗಿದ. “ಬಾವ, ಅದೊಂದು ಬುಟ್ಬುಡು. ಹತ್ತಿ ಬಾ.”

“ನಾಯಕನ ಆಳು ನಿನ್ನ ಪಕ್ಕದಲ್ಲೇ ನಿಂತವ್ನಲ್ಲ, ಮಾದ.”

“ನಿಂತವ್ನೆ.”

“ಬುಟ್ಟರೆ ಅವ್ನು ಬೆಂಕಿ ಇಕ್ತಾನೆ. ನಾನಾದ್ರೆ ಮೆತ್ತಗೆ ಬಿಡಿಸ್ತೀನಿ,” ಎಂದು ಬೇಟಯ್ಯ ಹುಟ್ಟಿಗೆ ಕತ್ತಿ ಇಟ್ಟ. ಕೆಳಗೆ ನಿಂತಿದ್ದ ಕೆಂಪಿಯ ತಲೆಯ ಮೇಲೆ, ಹೆಗಲ ಮೇಲೆ ಬಿಳಿಯ ಮರಿಗಳು ಅಕ್ಕಿಯ ಹಾಗೆ ಸುರಿದವು. ಜೇನು ಅವನನ್ನು ಕಚ್ಚಲಿಲ್ಲ. ಒಂದಿಷ್ಟು ಹೊತ್ತು ಬಂಡೆಯ ಸುತ್ತ ಹಾರಿ, ತೆಂಕಲಿಗೆ ಹೊರಟುಹೋದವು. ಕಚ್ಚಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಅವನು ಸಾಯುವವರೆಗೂ ಹೇಳುತ್ತಿದ್ದನಂತೆ.

ಮುಂದಿನ ವರ್ಷ ಹುಚ್ಚೆಳ್ಳು ಎಂದಿನಂತೆ ಹೂ ಬಿಟ್ಟಿತು. ಬಂಡೆಯ ಕಡೆಯಿಂದ ಸದ್ದು ಬರಲಿಲ್ಲ. ಒಕ್ಕಿದಾಗ ಕಾಳಿಲ್ಲದ ಹೊಟ್ಟು ಹಾರಿತು. ಕುಂಬಳದ ಬಳ್ಳಿಗಳಲ್ಲಿ ಮಿಡಿಗಳು ಹೆಬ್ಬೆರಳ ಗಾತ್ರಕ್ಕೆ ಬಂದು ಉದುರಿದವು. ಕೂಸುಗಳು ಅತ್ತವೆಂದು ಕೆಲವರು ಸೇರಿಸುತ್ತಾರೆ. ಜೇನಿಲ್ಲದೆ ಹೂ ಕಾಯಿ ಕಟ್ಟದೆಂದು ಆಗ ಜನಕ್ಕೆ ಅರ್ಥವಾಯಿತು. ಊರೆಲ್ಲ ಕೂಡಿ, ಜೇನು ಕೀಳುವಾಗ ಹಾಕಿದ್ದ ಹೊಗೆಯ ಮಸಿಯನ್ನು ಬಂಡೆಯಿಂದ ತೊಳೆದರು, ಬುಡದಲ್ಲಿ ಮುತ್ತುಗ, ಹೊಂಗೆ ನೆಟ್ಟರು. ಈ ಬೆಟ್ಟಕ್ಕೆ ಬೆಂಕಿ ಒಯ್ಯುವವನಿಗೆ ಊರಿನಲ್ಲಿ ನೀರಿಲ್ಲ ಎಂದು ಕಟ್ಟು ಮಾಡಿದರು. ನಾಯಕನೂ ತನ್ನ ಅಪ್ಪಣೆಯನ್ನು ಹಿಂದಕ್ಕೆ ಪಡೆದ. ಮುತ್ತುಗ ಹೂ ಬಿಟ್ಟ ವರ್ಷ ತೆಂಕಲಿಂದ ಒಂದು ಹಿಂಡು ಬಂದಿತು. ಮೂರು ದಿನ ಬಂಡೆಯ ಎದುರಿನ ಮರದಲ್ಲಿ ತೂಗಾಡಿ, ಬಂಡೆಯನ್ನು ಮುಟ್ಟದೆ ಹೋಯಿತು. ಬೇಟಯ್ಯ ಆ ಮೂರು ದಿನವೂ ಕೈಮುಗಿದು ಅಲ್ಲೇ ಕುಳಿತಿದ್ದ. ಮೊರೆಗಲ್ಲು ಮೂಗಬಂಡೆಯಾದದ್ದು ಅಂದಿನಿಂದ. ಅವನು ಎರಡು ಮಳೆಗಾಲ ಕಳೆದು ಸತ್ತ.

ಗಂಡ ಸತ್ತ ವರ್ಷ ಕೆಂಪಿ ಹಿತ್ತಲಿನ ಕುಂಬಳದ ಗಂಡು ಹೂವನ್ನು ಕಿತ್ತು, ಎಸಳು ಸುಲಿದು, ಅದರ ಹುಡಿಯನ್ನು ಹೆಣ್ಣು ಹೂವಿಗೆ ಸವರಿದಳು. ಒಂದು ಕಾಯಿ ನಿಂತಿತು. ಅವಳನ್ನು ನೋಡಿ ಉಳಿದವರೂ ಕಲಿತರು. ಹುಚ್ಚೆಳ್ಳಿನ ಹೊಲಕ್ಕೆ ಯಾರ ಕೈಯೂ ಸಾಲದು, ಹಾಗಾಗಿ ಅದನ್ನು ಬಿತ್ತುವುದನ್ನೇ ನಿಲ್ಲಿಸಿದರು.

ಇಂದಿಗೂ ಮೂಗಬಂಡೆಗೆ ಹೋಗುವವರು ಬೆಳಗಿನ ಏಳರ ಹೊತ್ತಿಗೆ ಕಗ್ಗಲಪಾಳ್ಯವನ್ನು ದಾಟಿದರೆ, ಹೆಂಗಸರು ಸೊಂಟ ಬಗ್ಗಿಸಿಕೊಂಡು ಬಳ್ಳಿಯಿಂದ ಬಳ್ಳಿಗೆ ನಡೆಯುವುದನ್ನು ಕಾಣಬಹುದು. ಮಾತನಾಡಿಸಿದರೆ ನಿಲ್ಲುವುದಿಲ್ಲ, ಹೊತ್ತು ಕಡಿಮೆ. ಬಿಸಿಲೇರುತ್ತಿದ್ದಂತೆ ಹೂಗಳು ಮುದುಡಿಕೊಳ್ಳುತ್ತವೆ. ಕೈ ತಲುಪದೆ ಉಳಿದ ಹೂವಿನ ಮಿಡಿ ಎರಡು ದಿನ ಹಸಿರಾಗಿದ್ದು, ಆಮೇಲೆ ಹಳದಿಯಾಗಿ ಉದುರುತ್ತದೆ.