ಮೋಡವಿಲ್ಲದೆ ಬಂದ ನೀರು

ಗಡಿಯ ಯಾವ ಮೂಲೆಗೆ ಹೋಗಿ ನಿಂತರೂ ಸಮುದ್ರ ಕಾಣದ ದೇಶ ಆಫ್ರಿಕಾದ ಬೋಟ್ಸ್ವಾನ. ಅಲ್ಲಿಯ ಒಂದು ಕಾಡಿನಲ್ಲಿ ಒಬ್ಬಳು ಹಂದಿಯಕ್ಕ ಇದ್ದಳು. ಅವಳಿಗೆ ಮೂರು ಮರಿಗಳು. ಆ ಕಾಡಿನ ನೆಲ ರೊಟ್ಟಿಯಂತೆ ಚಪ್ಪಟೆ. ಎತ್ತರ ಎನ್ನುವಂಥದ್ದು ಒಂದು ದೊಡ್ಡ ಹುತ್ತ ಮಾತ್ರ. ಹಂದಿಯಕ್ಕ ಯಾರ ಸಹಾಯವನ್ನೂ ಕೇಳದೆ, ಎರಡು ಬೇಸಿಗೆ ತನ್ನ ಕೋರೆಗಳಿಂದಲೇ ಆ ಹುತ್ತವನ್ನು ತೋಡಿ ಮನೆ ಮಾಡಿಕೊಂಡಿದ್ದಳು. ಹುತ್ತದ ಮುಂದೆ ಒಣಗಿದ ಹಳ್ಳ, ಹಿಂದೆ ಒಂದು ತಗ್ಗು.

ಒಂದು ದಿನ ದಕ್ಷಿಣದ ಮರುಭೂಮಿಯಿಂದ ನರಿಯೊಂದು ಬಂದು ಆ ತಗ್ಗಿನ ಮುಳ್ಳುಪೊದೆಯಲ್ಲಿ ಬಿಡಾರ ಹೂಡಿತು. ಅದರ ಕಣ್ಣೆಲ್ಲ ಹುತ್ತದ ಮೇಲೆ.

"ಹಂದಿಯಕ್ಕ, ಮಕ್ಕಳನ್ನು ಕರೆದುಕೊಂಡು ಬೇರೆ ಕಡೆ ಹೋಗು. ಹಳ್ಳ ಒಣಗಿದೆ, ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಹುತ್ತವನ್ನು ನಾನು ನೋಡಿಕೊಳ್ಳುತ್ತೇನೆ" ಎಂದಿತು ನರಿ.

"ನಮ್ಮ ನೀರಿಗೆ ಮೋಡ ಬೇಡ ನರಿಯಣ್ಣ. ಮಳೆ ಬಿದ್ದದ್ದು ದೂರದ ಉತ್ತರದ ಬೆಟ್ಟಗಳಲ್ಲಿ, ಅದೂ ನಾಲ್ಕು ತಿಂಗಳ ಹಿಂದೆ. ನೆಲ ಚಪ್ಪಟೆ ನೋಡು, ನದಿ ತೆವಳಿಕೊಂಡು ಬರುತ್ತದೆ. ಇಲ್ಲಿಗೆ ಮುಟ್ಟುವಷ್ಟರಲ್ಲಿ ಚಳಿಗಾಲ ಆಗಿರುತ್ತದೆ."

ನರಿ ಬಿದ್ದು ಬಿದ್ದು ನಕ್ಕಿತು. "ನಾಲ್ಕು ತಿಂಗಳು ನಡೆಯುವ ನೀರೇ? ನಮ್ಮ ಕಡೆ ನೀರು ಮೇಲಿನಿಂದ ಬೀಳುತ್ತದೆ, ಅಷ್ಟೇ. ಪಂದ್ಯ ಕಟ್ಟುತ್ತೀಯಾ? ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ನಿನ್ನ ಹುತ್ತದ ಬುಡಕ್ಕೆ ನೀರು ಬಂದರೆ ನಾನು ಊರು ಬಿಡುತ್ತೇನೆ. ಬಾರದಿದ್ದರೆ ಮನೆ ನನ್ನದು."

ಸೋಲು ಒಪ್ಪುವ ಜಾತಿಯಲ್ಲ ಹಂದಿಯಕ್ಕ. "ಆಗಲಿ" ಎಂದಳು. ಮುದಿ ಆಮೆಯಜ್ಜ ಸಾಕ್ಷಿಯಾದ.

ದಿನಗಳು ಕಳೆದವು. ಹಳ್ಳದ ಮರಳು ಒಣಗಿಯೇ ಇತ್ತು. ಆ ವರ್ಷ ನೀರು ತಡವಾಗಿತ್ತು. ಹಂದಿಯಕ್ಕ ಮರಿಗಳೆದುರು ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಓಡಾಡಿದರೂ, ಬೆಳಗಾದರೆ ಹಳ್ಳಕ್ಕಿಳಿದು ಮರಳನ್ನು ಮೂಸಿ ನೋಡುತ್ತಿದ್ದಳು. ಮೂರು ಮರಿಗಳನ್ನು ಕಟ್ಟಿಕೊಂಡು ಈ ಬಯಲಿನಲ್ಲಿ ಎಲ್ಲಿಗೆ ಹೋಗುವುದು?

ಹುಣ್ಣಿಮೆಗೆ ಎರಡು ದಿನ ಇರುವಾಗ ನರಿ ಹಳ್ಳದ ಮೇಲ್ಗಡೆ ತಿರುಗಾಡಲು ಹೋಯಿತು. ಅಲ್ಲಿ ಕಂಡದ್ದನ್ನು ನೋಡಿ ಅದರ ಕಿವಿ ನಿಮಿರಿತು. ಬೆರಳುದ್ದ ಆಳದ ನೀರು, ತರಗೆಲೆಗಳನ್ನೂ ಹುಳಗಳನ್ನೂ ಮುಂದಕ್ಕೆ ತಳ್ಳಿಕೊಂಡು, ಸದ್ದಿಲ್ಲದೆ ಬರುತ್ತಿತ್ತು. ತಲೆಯ ಮೇಲೆ ಆಕಾಶ ಶುಭ್ರ ನೀಲಿ.

ನರಿ ಓಡಿ ಬಂದು, ಹುತ್ತದಿಂದ ಕೂಗಳತೆ ದೂರದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಮರಳು ಗುಡ್ಡೆ ಹಾಕತೊಡಗಿತು. ಜೊಂಡು ಎಳೆದು ತಂದು ತುರುಕಿತು. ಮರಿಗಳು ಅದನ್ನು ನೋಡಿ ಓಡೋಡಿ ಬಂದವು.

"ಅಮ್ಮಾ, ನರಿಮಾಮ ಹಳ್ಳಕ್ಕೆ ಒಡ್ಡು ಕಟ್ಟುತ್ತಿದ್ದಾನೆ. ಕೆಡವಿ ಬರೋಣವೇ?"

ಹಂದಿಯಕ್ಕ ಹೋಗಿ ಮರೆಯಲ್ಲಿ ನಿಂತು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತು. ಬೇರು ಹುಡುಕುತ್ತಾ ಆ ನೆಲವನ್ನೆಲ್ಲ ಅವಳು ಅಂಗುಲ ಅಂಗುಲ ಕೆದಕಿದ್ದಳು. ಎಲ್ಲಿ ಒಂದು ಗೊರಸಿನಷ್ಟು ಏರು, ಎಲ್ಲಿ ಇಳಿಜಾರು ಎಂಬುದು ಅವಳ ಮೂತಿಗೇ ಗೊತ್ತಿತ್ತು.

"ಕೆಡವಬೇಡಿ, ಪಾಪ, ಅಷ್ಟು ಕಷ್ಟಪಡುತ್ತಿದ್ದಾನೆ" ಎಂದಳು.

ಹುಣ್ಣಿಮೆಯ ಸಂಜೆ ನರಿ ಹುತ್ತದ ಮುಂದೆ, ಹಳ್ಳದ ಕಡೆ ಮುಖ ಮಾಡಿ ಕುಳಿತಿತು.

"ನೋಡು ಆಮೆಯಜ್ಜ, ಹಳ್ಳದಲ್ಲಿ ಒಂದು ತೊಟ್ಟು ಇಲ್ಲ. ಸೂರ್ಯ ಮರದ ತುದಿಗೆ ಬಂದ. ಹಂದಿಯಕ್ಕ, ಗಂಟು ಕಟ್ಟು."

"ಇನ್ನೂ ಹೊತ್ತಿದೆ. ಕುಳಿತುಕೋ" ಎಂದಳು ಹಂದಿಯಕ್ಕ.

ಸ್ವಲ್ಪ ಹೊತ್ತಿಗೆ ನರಿ ಮಿಸುಕಾಡಿತು. ಬಾಲ ತಣ್ಣಗಾದಂತೆ ಅನಿಸಿತು. ತಿರುಗಿ ನೋಡಿದರೆ ಬಾಲ ನೀರಿನಲ್ಲಿ ತೇಲುತ್ತಿತ್ತು. ಒಡ್ಡಿಗೆ ತಡೆದ ನೀರು ಪಕ್ಕಕ್ಕೆ ತಿರುಗಿ, ಹುಲ್ಲಿನೊಳಗೆ ಹರಿದು, ಹಿಂದಿನ ತಗ್ಗನ್ನು ತುಂಬಿ, ಹುತ್ತವನ್ನು ಹಿಂದಿನಿಂದ ಬಳಸಿ ಬಂದಿತ್ತು. ನರಿ ಮುಳ್ಳುಪೊದೆಯಲ್ಲಿ ಬಚ್ಚಿಟ್ಟಿದ್ದ ಮೂಳೆಗಳು ಒಂದೊಂದಾಗಿ ತೇಲಿ ಬರುತ್ತಿದ್ದವು.

"ಇದು ಲೆಕ್ಕಕ್ಕಿಲ್ಲ. ನೀರು ಹಳ್ಳದಿಂದ ಬರಬೇಕಿತ್ತು" ಎಂದು ನರಿ ಅರಚಿತು.

"ನೀನು ಹುತ್ತದ ಬುಡಕ್ಕೆ ಎಂದಿದ್ದೆ. ಎಲ್ಲಿಂದ ಎಂದಿರಲಿಲ್ಲ. ಒಡ್ಡು ಹಾಕದೆ ಬಿಟ್ಟಿದ್ದರೆ ನಿನ್ನ ಬಿಡಾರವಾದರೂ ಉಳಿಯುತ್ತಿತ್ತು" ಎಂದ ಆಮೆಯಜ್ಜ.

"ನರಿಮಾಮ, ಹಳ್ಳ ಒಣಗಿದೆಯಲ್ಲ, ಅದರಲ್ಲೇ ಹೋಗಿ. ಕಾಲು ಒದ್ದೆಯಾಗುವುದಿಲ್ಲ" ಎಂದಿತು ಚಿಕ್ಕ ಮರಿ.

ಬೇರೆ ದಾರಿಯೂ ಇರಲಿಲ್ಲ. ನರಿ ಬಾಲ ಹಿಂಡಿಕೊಂಡು ಹಳ್ಳಕ್ಕಿಳಿದು, ನೀರು ಎಲ್ಲಿ ತಪ್ಪಿಸಿಕೊಂಡಿತೆಂದು ನೋಡಲು ಮೊದಲು ಮೇಲಕ್ಕೆ ನಡೆಯಿತು. ತಾನೇ ಕಟ್ಟಿದ ಒಡ್ಡನ್ನು ಹತ್ತಿ ಆಚೆ ಇಣುಕಬೇಕೆನ್ನುವಷ್ಟರಲ್ಲಿ, ನೆನೆದಿದ್ದ ಮರಳು ಕಾಲಡಿಯಲ್ಲಿ ಕುಸಿಯಿತು. ನೀರು ಒಡ್ಡನ್ನೂ ನರಿಯನ್ನೂ ಒಟ್ಟಿಗೆ ಉರುಳಿಸಿಕೊಂಡು ಬಂದು, ಹುತ್ತದ ಮುಂಬಾಗಿಲಿಗೇ ತಂದು ಬಿಟ್ಟಿತು.

"ತಗೋ, ಹಳ್ಳದಿಂದಲೂ ಬಂತು. ನೀನೇ ಕರೆದುಕೊಂಡು ಬಂದೆ" ಎಂದಳು ಹಂದಿಯಕ್ಕ.

ಆಮೆಯಜ್ಜನೂ ನಕ್ಕ. ಮರಿಗಳು ತಣ್ಣನೆಯ ಕೆಸರಿಗೆ ಹಾರಿ ಹೊರಳಾಡಿದವು. ನರಿ ಮೈ ಕೊಡವಿಕೊಂಡು, ನೀರು ಮೇಲಿನಿಂದ ಮಾತ್ರ ಬೀಳುವ ತನ್ನ ಊರಿನ ದಾರಿ ಹಿಡಿಯಿತು.

ನೀತಿ: ಇನ್ನೊಬ್ಬರಿಗೆ ಸಿಗಬೇಕಾದದ್ದನ್ನು ತಪ್ಪಿಸಲು ಮೋಸ ಮಾಡಿದವನು ಮೊದಲು ತನ್ನ ನೆಲೆಯನ್ನೇ ಕಳೆದುಕೊಳ್ಳುತ್ತಾನೆ.