ಮೂಲೆ ಬಿಟ್ಟ ಜೇಡ

“ಅಯ್ಯಾ, ನಾನು ಹೋಗಬೇಕೋ, ಅದು ಹೋಗಬೇಕೋ?” ಎಂದು ದೇವೀರಿ ಕೇಳಿದಳು.

ಅದು ಎಂದರೆ ಜೇಡ. ಆಶ್ರಮದಲ್ಲಿ ದೇವೀರಿಗೆ ಕೊಟ್ಟ ಕೋಣೆಯ ಮೂಲೆಯಲ್ಲಿ, ಸೂರಿಗಿಂತ ಸ್ವಲ್ಪ ಕೆಳಗೆ, ಅಂಗೈಯಗಲದ ಜೇಡವೊಂದಿತ್ತು. ಅವಳು ಬರುವುದಕ್ಕೂ ಮುಂಚೆಯೇ ಇತ್ತು. ಆಶ್ರಮದಲ್ಲಿ ಯಾವ ಜೀವವನ್ನೂ ಕೊಲ್ಲಬಾರದೆಂಬ ನಿಯಮ. ಆದ್ದರಿಂದ ಅದನ್ನು ಹೊಡೆಯುವಂತಿರಲಿಲ್ಲ. ಅದು ಇರುವಾಗ ನಿದ್ದೆ ಮಾಡುವುದೂ ಅವಳಿಂದ ಆಗುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಸಹನೆ ಕೆಟ್ಟು ಪೊರಕೆ ಬೀಸಿದ್ದಳು. ಜೇಡ ಹಾಸಿಗೆಯ ಪಕ್ಕಕ್ಕೆ ಬಿದ್ದು, ಸರಸರನೆ ಓಡಿ, ಎಲ್ಲೋ ಮಾಯವಾಯಿತು. ಆಮೇಲೆ ಒಂದು ಗಳಿಗೆಯೂ ಅಲ್ಲಿ ನಿಲ್ಲಲಾರದೆ, ಹಾಸಿಗೆಯ ಮೇಲೆ ಹರಡಿದ್ದ ಸೀರೆ, ರವಿಕೆ, ಹೊದಿಕೆಗಳನ್ನು ಎರಡೂ ಕೈಯಿಂದ ಬಾಚಿ ಗಂಟು ಕಟ್ಟಿ, ಜಗಲಿಗೆ ಬಂದು ಕೂತಿದ್ದಳು. ಗಂಟು ಅವಳ ಮಡಿಲಲ್ಲೇ ಇತ್ತು. ಗುಡ್ಡದ ಕೆಳಗೆ ಮಧ್ಯಾಹ್ನ ಬಸ್ಸು ಬರುತ್ತದೆ.

ಹೋಗುವುದು ಅವಳಿಗೆ ಸುಲಭದ ಮಾತಾಗಿರಲಿಲ್ಲ. ಮಕ್ಕಳನ್ನು ದಡ ಸೇರಿಸಿದ ಮೇಲೆ ಓದು ಕಲಿಯಬೇಕೆಂಬ ಆಸೆಯಿಂದ ಆಶ್ರಮಕ್ಕೆ ಬಂದವಳು. “ಈ ವಯಸ್ಸಿನಲ್ಲಿ ಅಕ್ಷರ ತಿದ್ದಿ ಯಾವ ಕಚೇರಿಗೆ ಹೋಗಬೇಕು?” ಎಂದು ಮನೆಯವರು ನಕ್ಕಿದ್ದರು. ವರ್ಣಮಾಲೆ ಅರ್ಧಕ್ಕೆ ಬಂದಿತ್ತು. ಈಗ ಗಂಟು ಹಿಡಿದು ಮನೆಗೆ ಹೋದರೆ ಇನ್ನೊಮ್ಮೆ ಹೊರಡುವ ಮುಖ ತನಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೆಳಗಿನದನ್ನೆಲ್ಲ ಅವಳ ಬಾಯಿಂದಲೇ ಕೇಳಿದ್ದ ಕಪನಯ್ಯನಿಗೂ ಅದು ಗೊತ್ತಿತ್ತು. ಅದಕ್ಕೇ ಉತ್ತರ ಹೇಳಲು ಅವನಿಗೆ ಭಯ. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದವರು ಹಿರಿಯ ಗುರುಗಳು. ಅವರು ಬೇರೆ ಊರಿಗೆ ಹೋಗುವಾಗ ಪೀಠದ ಜವಾಬ್ದಾರಿಯನ್ನು ಕಪನಯ್ಯನಿಗೆ ಒಪ್ಪಿಸಿದ್ದರು. ಪೀಠ ಎಂದರೆ ದೊಡ್ಡದೇನೂ ಅಲ್ಲ, ಜಗಲಿಯ ಮೇಲಿನ ಒಂದು ಮಣೆ. ಕಪನಯ್ಯ ಅದರ ಅಂಚಿನಲ್ಲಿ ಕೂತಿದ್ದ. ಹಿರಿಯರು ಕತೆ ಹೇಳುತ್ತಿದ್ದರು, ಹೇಳಿ ಎದ್ದು ಹೋಗುತ್ತಿದ್ದರು. ಅರ್ಥ ಹೇಳುತ್ತಿರಲಿಲ್ಲ. ಅಷ್ಟು ಧೈರ್ಯ ತನಗಿಲ್ಲವೆಂದು ಕಪನಯ್ಯ ಮೊದಲೇ ತೀರ್ಮಾನಿಸಿಕೊಂಡಿದ್ದ.

“ಒಂದು ಕತೆ ಹೇಳುತ್ತೇನೆ ತಾಯಿ,” ಎಂದ. “ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಕೆಟ್ಟದಾಗಿ ಹೇಳಿದರೆ ಕ್ಷಮಿಸಬೇಕು. ಹಿಂದಿನದು ಮುಂದಾದರೆ ಅಲ್ಲೇ ತಡೆದು ಕೇಳು.”

“ಹೇಳಿ ಅಯ್ಯಾ. ಬಸ್ಸಿಗೆ ಇನ್ನೂ ಹೊತ್ತಿದೆ.”

ಕಪನಯ್ಯ ಗಂಟಲು ಸರಿಮಾಡಿಕೊಂಡ.

“ಒಬ್ಬ ರೈತನ ಮನೆಗೆ ಹೊಸದಾಗಿ ಸೊಸೆ ಬಂದಳು. ಅದು ರೇಷ್ಮೆ ಹುಳು ಸಾಕುವ ಮನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಥ ಮನೆಯಲ್ಲಿ ಒಳ್ಳೆಯ ಕೋಣೆ ಹುಳುವಿಗೆ. ಜನ ಜಗಲಿಯಲ್ಲಿ ಮಲಗುತ್ತಾರೆ. ಹುಳುವಿಗೆ ಸೊಪ್ಪು ಹಾಕಿದ ಮೇಲೆ ತಮ್ಮ ಊಟ. ತಟ್ಟೆ ಜೋಡಿಸುವ ಅಟ್ಟಣೆಯ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಾರೆ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಿಜವಾದ ಜ್ವರವಲ್ಲ, ಮೈ ಬಿಸಿಯೇನೂ ಆಗುವುದಿಲ್ಲ. ನಾಲ್ಕು ಜ್ವರ ಕಳೆದ ಮೇಲೆ ಹುಳು ಎಡೆಬಿಡದೆ ತಿನ್ನುತ್ತದೆ. ಆಗ ಸೊಪ್ಪು ತಪ್ಪಿದರೆ ಗೂಡಿಲ್ಲ, ಗೂಡಿಲ್ಲದಿದ್ದರೆ ಬೆಳೆಯಿಲ್ಲ.”

“ಅಯ್ಯಾ, ಜೇಡ ಯಾವಾಗ ಬರುತ್ತದೆ?”

“ಬರುತ್ತದೆ ತಾಯಿ. ಹುಳುವಿನ ವಿಷಯ ಮೊದಲು ಹೇಳದಿದ್ದರೆ ಜೇಡ ಬಂದೂ ಪ್ರಯೋಜನವಿಲ್ಲ.”

ದೇವೀರಿ ಗಂಟಿನ ಮೇಲೆ ಮೊಣಕೈ ಊರಿ ಕೂತಳು.

“ಸೊಸೆ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳಲ್ಲ. ಮೊದಮೊದಲು ಹುಳು ಕಂಡರೆ ಮುಖ ತಿರುಗಿಸುತ್ತಿದ್ದಳು. ಆಮೇಲೆ ಅಂಗೈ ಮೇಲೆ ಬಿಟ್ಟುಕೊಂಡು, ಎಷ್ಟು ತಣ್ಣಗಿದೆ, ಎನ್ನುತ್ತಿದ್ದಳು. ಹುಳುವಿನ ಹೆದರಿಕೆ ಹೋಯಿತು. ಆದರೆ ಹುಳುಮನೆಯ ಒಂದು ಮೂಲೆಯಲ್ಲಿ ಜೇಡವಿತ್ತು. ಇಗೋ, ಬಂತು. ಅದನ್ನು ಕಂಡರೆ ಅವಳ ಕಾಲು ಹೊಸಿಲು ದಾಟಲು ಹಿಂಜರಿಯುತ್ತಿತ್ತು. ಅತ್ತೆಗೆ ಮಂಡಿನೋವು, ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ನೋಡಿ ನಕ್ಕಳು.

‘ಇಷ್ಟು ಸಾವಿರ ಹುಳುವಿಗೆ ಬಡಿಸುವವಳು ಒಂದು ಜೇಡಕ್ಕೆ ಹೆದರುತ್ತೀಯಲ್ಲೇ! ಅದೇನು ನಿನ್ನನ್ನು ಸೊಪ್ಪು ಕೇಳಿತೇ?’

‘ಹುಳುವನ್ನು ನಾವು ತಂದಿದ್ದೇವೆ ಅತ್ತೆ. ಇದು ಕರೆಯದೆ ಬಂದಿದೆ.’

‘ಯಾರು ಕರೆಯದೆ ಬಂದವರು ಅಂತ ಗೋಡೆಯನ್ನು ಕೇಳು. ನಾನು ಸೊಸೆಯಾಗಿ ಬಂದಾಗಲೂ ಆ ಮೂಲೆಯಲ್ಲಿ ಒಂದಿತ್ತು.’

ಅದೇ ಜೇಡ ಅಂತಲ್ಲ. ಜೇಡ ಅಷ್ಟು ವರ್ಷ ಬದುಕುವುದಿಲ್ಲ. ಅದರ ಅಜ್ಜಿಯೋ ಮುತ್ತಜ್ಜಿಯೋ ಇರಬೇಕು.”

ದೇವೀರಿಗೆ ನಗು ಬಂತು. ಕಪನಯ್ಯನಿಗೆ ಸ್ವಲ್ಪ ಧೈರ್ಯ ಬಂತು.

“ನಾಲ್ಕನೇ ಜ್ವರ ಕಳೆಯಿತು. ಗಂಡ ಸೊಪ್ಪು ಕೊಯ್ದು ತರುವಷ್ಟರಲ್ಲೇ ಸುಸ್ತಾಗುತ್ತಿದ್ದ. ಸೊಪ್ಪು ಹಾಕುವವಳು ಸೊಸೆಯೊಬ್ಬಳೇ. ಆ ಬೆಳೆ ಕೆಟ್ಟರೆ ಹೊಸ ಸೊಸೆಯ ಕಾಲ್ಗುಣ ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಂಡರೆ ಆ ಮನೆಯಲ್ಲಿ ಅವಳು ತಲೆಯೆತ್ತಿ ಬಾಳುವುದು ಕಷ್ಟ. ಅವಳಿಗೆ ಬೆಳೆಯೂ ಬೇಕು, ಜೇಡವೂ ಬೇಡ. ಒಂದು ಮಧ್ಯಾಹ್ನ ಅವಳು ಒಂದು ಉಪಾಯ ಮಾಡಿದಳು. ಹೊಗೆ ಹಾಕಿದರೆ ಜೇಡ ಓಡುತ್ತದೆ ಎಂದು ಎಲ್ಲೋ ಕೇಳಿದ್ದಳು. ಅತ್ತೆಯ ಎಲೆಅಡಿಕೆ ಚೀಲದಿಂದ ಹೊಗೆಸೊಪ್ಪಿನ ತುಂಡು ತೆಗೆದು, ಕೆಂಡದ ಮೇಲೆ ಹಾಕಿ, ಹುಳುಮನೆಯೊಳಗಿಟ್ಟು ಬಾಗಿಲೆಳೆದಳು.”

“ಅದರಲ್ಲೇನು ತಪ್ಪು?” ಎಂದಳು ದೇವೀರಿ.

“ಹೊಗೆಸೊಪ್ಪು ರೇಷ್ಮೆ ಹುಳುವಿಗೆ ವಿಷ ತಾಯಿ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳು ಮುಟ್ಟಬಾರದು. ಹುಳುಮನೆಗೆ ಕಾಲಿಡುವ ಮುಂಚೆ ಅತ್ತೆ ಪ್ರತಿ ಸಲ ಕೈ ತೊಳೆಯುತ್ತಿದ್ದಳು. ಸೊಸೆ ಅದನ್ನು ನೋಡಿದ್ದಳು, ಆದರೆ ಮಡಿ ಎಂದುಕೊಂಡಿದ್ದಳು. ಏಕೆಂದು ಕೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ, ಹುಟ್ಟಿನಿಂದ ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ.”

ದೇವೀರಿ ಬಾಯಿಗೆ ಸೆರಗು ಹಿಡಿದಳು.

“ವಾಸನೆ ಜಗಲಿಗೆ ಬಂತು. ಅತ್ತೆ ಮಂಡಿ ಮರೆತು ಎದ್ದಳು. ‘ಹೊಗೆಸೊಪ್ಪಾ! ಏನು ಮಾಡಿದೆಯೇ! ಕೆಂಡ ಆಚೆ ಎಸಿ! ತಟ್ಟೆ ಹೊರಗೆ ತಾ!’ ಎಂದು ಕೂಗಿದಳು. ಹುಳುಗಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ತೂಗುತ್ತಿದ್ದವು. ಕೆಲವು ಹಸಿರು ರಸ ಕಾರಿದವು. ಇದು ಜ್ವರದ ತಲೆಯೆತ್ತುವಿಕೆ ಅಲ್ಲ, ಇದು ಬೇರೆ. ಇಬ್ಬರೂ ಸೇರಿ ತಟ್ಟೆಗಳನ್ನೆಲ್ಲ ಜಗಲಿಯ ಗಾಳಿಗೆ ತಂದರು. ಕೆಂಡದ ಹತ್ತಿರವಿದ್ದ ತಟ್ಟೆಯ ಹುಳು ಸತ್ತವು. ಉಳಿದವನ್ನು ನೋಡುತ್ತಾ ಸೊಸೆ ಅಲುಗಾಡದೆ ಕೂತಳು. ಅಳಲೂ ಇಲ್ಲ. ಅತ್ತೆ ಬೈಯುವುದನ್ನು ಕಾಯುತ್ತಿದ್ದಳು. ಅತ್ತೆ ಬೈಯಲಿಲ್ಲ, ಎಲೆಅಡಿಕೆ ಚೀಲವನ್ನು ಹಿತ್ತಿಲ ಗೋಡೆಯಾಚೆ ಎಸೆದು ಬಂದಳು. ಸಂಜೆಗೆ ಒಂದು ತಟ್ಟೆಯಲ್ಲಿ ಸೊಪ್ಪು ಕಡಿಯುವ ಸದ್ದು ಶುರುವಾಯಿತು. ಆಮೇಲೆ ಇನ್ನೊಂದರಲ್ಲಿ. ಬೆಳೆ ಉಳಿಯಿತು ಎಂದು ಇಬ್ಬರಿಗೂ ಗೊತ್ತಾಯಿತು.”

“ಜೇಡ?”

“ಅದೇ ಮಾತು ತಾಯಿ. ಜೇಡ ಮೂಲೆಯಲ್ಲಿರಲಿಲ್ಲ. ಅವಳಿಗೆ ಬೇಕಾಗಿದ್ದು ಅದೇ. ಕೋಣೆ ತೊಳೆದು ತಟ್ಟೆಗಳನ್ನು ಒಳಗೆ ಜೋಡಿಸಬೇಕಿತ್ತು. ಅವಳು ಒಂದು ತಟ್ಟೆ ಎತ್ತುವ ಮುಂಚೆ ಅದರ ಕೆಳಗೆ ಬಗ್ಗಿ ನೋಡಿದಳು. ಅಟ್ಟಣೆಯ ಹಿಂದೆ ನೋಡಿದಳು. ನೀರಿನ ಬಟ್ಟಲಿನಲ್ಲಿ ನೋಡಿದಳು. ಸೊಪ್ಪಿನ ಬುಟ್ಟಿ ಬೋರಲು ಹಾಕಿದಳು. ಸೆರಗು ಕೊಡವಿದಳು. ಸೂರಿನಿಂದ ಒಂದು ಕಡ್ಡಿ ಬಿದ್ದರೆ ಕಿರುಚಿದಳು. ಅತ್ತೆ ನೋಡಿ ನೋಡಿ ಕೇಳಿದಳು.

‘ಏನೇ ಹುಡುಕುತ್ತಿದ್ದೀಯ?’

‘ಜೇಡ.’

‘ಓಡಿಸಿದೆಯಲ್ಲ!’

‘ಓಡಿಸಿದೆ ಅತ್ತೆ. ಅದಕ್ಕೇ ಹುಡುಕುತ್ತಿದ್ದೇನೆ.’

ಮೂಲೆಯಲ್ಲಿದ್ದಾಗ ಜೇಡ ಒಂದು ಮೂಲೆಯಲ್ಲಿತ್ತು. ಓಡಿಸಿದ ಮೇಲೆ ಅದು ಎಲ್ಲ ಮೂಲೆಯಲ್ಲೂ ಇತ್ತು. ನಿಜವಾಗಿ ಎಲ್ಲ ಮೂಲೆಯಲ್ಲೂ ಅಂತಲ್ಲ, ಜೇಡ ಒಂದೇ. ಅವಳ ಲೆಕ್ಕದಲ್ಲಿ ಹಾಗೆ.”

“ಗೊತ್ತಾಯಿತು ಅಯ್ಯಾ,” ಎಂದಳು ದೇವೀರಿ, ಈಗ ನಗದೆ.

“ಮರುದಿನ ಬೆಳಿಗ್ಗೆ ಸೊಪ್ಪಿನ ಬುಟ್ಟಿ ಹೊತ್ತು ಅವಳು ಬಾಗಿಲು ತೆಗೆದಳು. ಮೂಲೆ ನೋಡಿದಳು. ಜೇಡ ಅಲ್ಲಿತ್ತು. ಅದೇ ಜಾಗದಲ್ಲಿ, ಏನೂ ಆಗಿಲ್ಲದ ಹಾಗೆ, ಕಾಲು ಚಾಚಿಕೊಂಡಿತ್ತು. ಅವಳಿಗೆ ಗೊತ್ತಿಲ್ಲದೆ ಬಾಯಿಂದ ಮಾತು ಬಂತು. ‘ಅಬ್ಬಾ, ಬಂದೆಯಾ!’ ಬುಟ್ಟಿ ಇಳಿಸಿ ಉಸಿರು ಬಿಟ್ಟಳು. ಅತ್ತೆ ಹೊರಗಿನಿಂದ, ‘ಯಾರು ಬಂದರೇ?’ ಎಂದಳು. ಸೊಸೆ ಏನೂ ಹೇಳದೆ ಮೊದಲ ತಟ್ಟೆಗೆ ಸೊಪ್ಪು ಹಾಕಿದಳು. ಅಂದಿನಿಂದ ಹುಳುಮನೆಗೆ ಹೋದಾಗಲೆಲ್ಲ ಮೊದಲು ಆ ಮೂಲೆ ನೋಡುತ್ತಿದ್ದಳು. ಇದೆ ಎಂದು ನೋಡಿ ಕೆಲಸಕ್ಕೆ ಇಳಿಯುತ್ತಿದ್ದಳು. ಪ್ರೀತಿ ಬಂತು ಅಂತ ನಾನು ಹೇಳುವುದಿಲ್ಲ. ಅವಳಿಗೆ ಕೊನೆಯವರೆಗೂ ಜೇಡ ಹಿಡಿಸಲಿಲ್ಲ. ಆದರೆ ಆ ಬೆಳೆಯ ಗೂಡು ಬಿಡಿಸಿದವಳು ಅವಳೇ. ಮುಂದಿನ ಬೆಳೆಗಳದ್ದೂ ಅವಳೇ.”

ಕತೆ ಮುಗಿದಿತ್ತು. ಕಪನಯ್ಯನಿಗೆ ಅದು ಗೊತ್ತಾಗಲಿಲ್ಲ. ದೇವೀರಿ ಗುಡ್ಡದ ಕೆಳಗಿನ ದಾರಿ ನೋಡುತ್ತಿದ್ದಳು. ಅದನ್ನು ಕಂಡು ಅವನಿಗೆ ಗಾಬರಿಯಾಯಿತು. ತಾನು ಸರಿಯಾಗಿ ಹೇಳಲಿಲ್ಲ, ಅದಕ್ಕೇ ಅವಳಿಗೆ ತಿಳಿಯಲಿಲ್ಲ ಎಂದುಕೊಂಡ.

“ಅರ್ಥವನ್ನೂ ಹೇಳಿಬಿಡುತ್ತೇನೆ,” ಎಂದ. “ಹುಳುಮನೆ ಅಂದರೆ ನಮ್ಮ ಮನಸ್ಸು ಅಂತ ಇಟ್ಟುಕೊ. ಹಾಗಂತ ಹುಳು ಅಂದರೆ ಕೆಟ್ಟ ಯೋಚನೆ ಅಲ್ಲ, ಹುಳು ಒಳ್ಳೆಯದೇ. ಹುಳು ಅಂದರೆ ನಮ್ಮ ಕೆಲಸ. ನಿನಗಾದರೆ ಅಕ್ಷರ. ಹೊಗೆ ಅಂದರೆ ಆತುರ. ಅತ್ತೆ ಅಂದರೆ... ಅತ್ತೆ ಅತ್ತೆಯೇ ಇರಲಿ. ಇನ್ನು ಜೇಡ ಇದೆಯಲ್ಲ, ಈ ಜೇಡ ಅಂದರೆ ಏನೆಂದರೆ...”

“ಅಯ್ಯನವರೇ!” ಅಡುಗೆಮನೆಯಿಂದ ಸಾಕಮ್ಮನ ಕೂಗು ಬಂತು. ಆಶ್ರಮದ ಅಡುಗೆ ಅವಳದು. “ಬೆಲ್ಲದ ಮಡಕೆಗೆ ಇರುವೆ ಮುತ್ತಿದೆ! ಸಾಲು ಬಾಗಿಲವರೆಗೂ ಇದೆ! ನೀವೇ ಬಂದು ಮಡಕೆ ಎತ್ತಿ. ನಾನು ಕೈ ಹಾಕಿ ನಾಲ್ಕು ಸತ್ತರೆ ಆಮೇಲೆ ನನಗೆ ಉಪದೇಶ ಶುರುಮಾಡುತ್ತೀರಿ!”

ಕಪನಯ್ಯ ತಡಬಡಿಸಿ ಎದ್ದ. “ಬಂದೆ, ಬಂದೆ. ತಾಯಿ, ಜೇಡದ ಅರ್ಥ ಉಳಿಯಿತು...”

“ಅರ್ಥ ಹಾಗಿರಲಿ ಅಯ್ಯಾ,” ಎಂದಳು ದೇವೀರಿ. “ನಾನು ಹೋಗಬೇಕೋ, ಅದು ಹೋಗಬೇಕೋ, ಅಷ್ಟು ಹೇಳಿ. ಬಸ್ಸಿನ ಹೊತ್ತಾಯಿತು.”

ಕಪನಯ್ಯ ಜಗಲಿಯಿಂದ ಇಳಿಯುತ್ತಿದ್ದವನು ತಿರುಗಿ ನಿಂತ. ಅವಳ ಮುಖ ನೋಡಿದ. ಮಡಿಲಲ್ಲಿದ್ದ ಗಂಟು ನೋಡಿದ.

“ಹೋಗುವುದಾದರೆ ಆ ಗಂಟನ್ನು ಒಂದು ಸಲ ಬಿಚ್ಚಿ ಕೊಡವಿಕೊಂಡು ಹೋಗು ತಾಯಿ, ಜೇಡ ಎಲ್ಲಿದೆ ಅಂತ ಈಗ ನಿನಗೂ ಗೊತ್ತಿಲ್ಲವಲ್ಲ.”

ದೇವೀರಿ ಗಂಟನ್ನು ಮಡಿಲಿಂದ ಜಗಲಿಗೆ ಇಳಿಸಿದಳು. ಗುಡ್ಡದ ಕೆಳಗೆ ಬಸ್ಸು ಬಂದು ಹೋದ ಸದ್ದು ಕೇಳಿದಾಗ ಅವಳ ಕೈ ಇನ್ನೂ ಗಂಟು ಬಿಚ್ಚುತ್ತಿತ್ತು.